ಸ್ವಂತ ಮಣ್ಣಿನ ಕಟ್ಟೆಯ ಸುರಕ್ಷತೆ ಮತ್ತು ನಿರ್ವಹಣೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಕಟ್ಟೆಯ ನೀರನ್ನು ತಡೆದಿರುವ ಮಣ್ಣಿನ ದಿಬ್ಬವೇ ಏರಿ. ಅದರ ಹಿಂದೆ, ಅಂದರೆ ನೀರಿಲ್ಲದ ಬದಿಯಲ್ಲಿ, ಒದ್ದೆ ಕಂಡ ತಕ್ಷಣ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಎರಡು ಟ್ರಾಕ್ಟರ್ ಜೇಡಿಮಣ್ಣು ತಂದು ಅದರ ಮೇಲೆ ಸುರಿದು ತುಳಿದುಬಿಡುತ್ತಾರೆ. ಒಂದು ವಾರ ಒಣಗಿದ ಹಾಗೆ ಕಾಣುತ್ತದೆ. ಆಮೇಲೆ ನಾಲ್ಕು ಅಡಿ ಮೇಲೆ ಹೊಸ ಜಾಗದಲ್ಲಿ ನೀರು ಹೊರಡುತ್ತದೆ. ಮತ್ತೆ ಮಣ್ಣು, ಮತ್ತೆ ಸೋರಿಕೆ.

ದುಡ್ಡೂ ಹೋಯಿತು, ಏರಿಯೂ ಮೊದಲಿಗಿಂತ ಕೆಟ್ಟಿತು. ಯಾಕೆಂದರೆ ಹಿಂಬದಿಯಲ್ಲಿ ದಾರಿ ಮುಚ್ಚಿದಾಗ ನೀರು ಏರಿಯ ಹೊಟ್ಟೆಯೊಳಗೇ ನಿಂತು, ಮಣ್ಣನ್ನು ನೆನೆಸಿ ಸಡಿಲ ಮಾಡುತ್ತದೆ. ಕಟ್ಟೆ ಇಟ್ಟುಕೊಂಡವರು ನೆನಪಿಡಬೇಕಾದ್ದು ಇಷ್ಟೇ: ನೀರನ್ನು ತಡೆಯುವ ಕೆಲಸ ನೀರಿನ ಬದಿಯಲ್ಲಿ. ಹಿಂಬದಿಯಲ್ಲಿ ನೀರನ್ನು ಹೋಗಲು ಬಿಟ್ಟು ಮಣ್ಣನ್ನು ಮಾತ್ರ ಹಿಡಿದಿಡಬೇಕು. ಕೆಳಗಿನ ಹಂತಗಳೆಲ್ಲ ಈ ಲೆಕ್ಕದಲ್ಲೇ ಸಾಗುತ್ತವೆ.

ಇದು ಸುಮಾರು 15 ಅಡಿ ಎತ್ತರದವರೆಗಿನ ಮಣ್ಣಿನ ಏರಿಗೆ ಬರೆದದ್ದು. ಅದಕ್ಕಿಂತ ಎತ್ತರವಿದ್ದರೆ, ಅಥವಾ ಕೆಳಗೆ ನೀರು ಹರಿಯುವ ದಾರಿಯಲ್ಲಿ ಮನೆ, ರಸ್ತೆ ಇದ್ದರೆ, ದುರಸ್ತಿಗೆ ಕೈ ಹಾಕುವ ಮೊದಲೇ ಅಣೆಕಟ್ಟಿನ ಕೆಲಸ ಗೊತ್ತಿರುವ ಎಂಜಿನಿಯರ್‌ಗೆ ತೋರಿಸಿ. ಎಷ್ಟು ಎತ್ತರ ಅಥವಾ ಎಷ್ಟು ನೀರು ಮೀರಿದರೆ ನೋಂದಣಿ, ತಪಾಸಣೆ ಬೇಕು ಎಂಬ ನಿಯಮ ಹಲವು ದೇಶಗಳಲ್ಲಿದೆ. ನಿಮ್ಮ ಕಡೆಯ ನಿಯಮವನ್ನೂ ಕೇಳಿಕೊಳ್ಳಿ.

## ಮೊದಲು ಕೈಯಲ್ಲಿರಬೇಕಾದ ಸಾಮಾನು

ಹುಲ್ಲು ಕತ್ತರಿಸುವ ಯಂತ್ರ ಅಥವಾ ಕುಡುಗೋಲು, ಗುದ್ದಲಿ, ಹಾರೆ, ಮಣ್ಣು ಬಡಿದು ಗಟ್ಟಿ ಮಾಡುವ ದಿಮ್ಮಸು. ಉದ್ದ ಅಳೆಯುವ ಟೇಪು. ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು, 50 ಅಡಿಯಾದರೂ ಇರಲಿ. ನಾಲ್ಕಾರು ಮರದ ಗೂಟ. 10 ಲೀಟರ್ ಬಕೆಟ್, ಒಂದು ಗಾಜಿನ ಬಾಟಲಿ, ಸೆಕೆಂಡ್ ತೋರಿಸುವ ಗಡಿಯಾರ. ಫೋಟೊ ತೆಗೆಯಲು ಫೋನು.

ಜೊತೆಗೆ ಒಂದು ನೋಟ್‌ಬುಕ್ಕು. ತುಂಬಾ ಜನ ಇದನ್ನು ಬಿಡುತ್ತಾರೆ. ಹೋದ ವರ್ಷ ಎಷ್ಟು ಸೋರುತ್ತಿತ್ತು ಎಂದು ಕೇಳಿದರೆ 'ಇಷ್ಟೇ ಇತ್ತು ಅನ್ಸುತ್ತೆ' ಎನ್ನುತ್ತಾರೆ. ಆ 'ಅನ್ಸುತ್ತೆ'ಯನ್ನು ನಂಬಿಕೊಂಡು ಏರಿಯ ಬಗ್ಗೆ ಏನೂ ತೀರ್ಮಾನ ಮಾಡಲು ಆಗಲ್ಲ.

ಇವಿಷ್ಟೂ ನೋಡುವುದಕ್ಕೆ ಮತ್ತು ಸಣ್ಣ ಕೆಲಸಕ್ಕೆ. ತುರ್ತಿಗೆಂದು ಏರಿಯ ಹತ್ತಿರವೇ ಬೇರೆ ರಾಶಿ ಇರಲಿ: ಒಂದು ಲೋಡು ದಪ್ಪ ಮರಳು, ಒಂದು ಲೋಡು ಸಣ್ಣ ಜಲ್ಲಿ, ಒಂದಿಷ್ಟು ದೊಡ್ಡ ಕಲ್ಲು, ಖಾಲಿ ಚೀಲಗಳು, ಪ್ಲಾಸ್ಟಿಕ್ ಶೀಟು. ಮಳೆ ಸುರಿಯುವ ರಾತ್ರಿ ಮರಳಿನ ಲಾರಿ ಹುಡುಕಿದರೆ ಸಿಗುವುದಿಲ್ಲ.

## ಹಂತ 1: ಏರಿ ಕಣ್ಣಿಗೆ ಕಾಣುವ ಹಾಗೆ ಮಾಡಿ

ಸೊಂಟದೆತ್ತರ ಪೊದೆ ಬೆಳೆದಿರುವ ಏರಿಯನ್ನು ಎಷ್ಟು ಸಲ ಸುತ್ತಿದರೂ ಏನೂ ಕಾಣುವುದಿಲ್ಲ. ಮೊದಲ ಕೆಲಸ ಹುಲ್ಲು ಕತ್ತರಿಸುವುದು. ಅರ್ಧ ಅಡಿ ಹುಲ್ಲು ಉಳಿಯಲಿ, ಬೇರು ಕೀಳಬೇಡಿ. ಗರಿಕೆಯಂಥ ನೆಲಕ್ಕೆ ಹರಡುವ ಹುಲ್ಲು ಏರಿಗೆ ಒಳ್ಳೆಯ ಹೊದಿಕೆ. ಬೋಳು ಮಾಡಿದರೆ ಮೊದಲ ಮಳೆಗೇ ಕೊರಕಲು ಬೀಳುತ್ತದೆ. ಕಳೆನಾಶಕ ಹೊಡೆದು ಸುಡುವುದೂ ಬೇಡ.

ಏರಿಯ ಬುಡದಿಂದ ಹಿಂದಕ್ಕೆ ಕನಿಷ್ಠ 25 ಅಡಿ ಜಾಗ ಕೂಡ ಹೀಗೇ ಸ್ವಚ್ಛವಾಗಿರಬೇಕು. ಏರಿ ಒಡೆಯುವ ಮುನ್ಸೂಚನೆ ಎಷ್ಟೋ ಸಲ ಮೊದಲು ಕಾಣುವುದು ಅಲ್ಲಿ. ನಮ್ಮ ಕಣ್ಣು ಮಾತ್ರ ಯಾವಾಗಲೂ ನೀರಿನ ಕಡೆಗೇ ಇರುತ್ತದೆ, ಅಲ್ವಾ?

## ಹಂತ 2: ಪ್ರತಿ ಸಲವೂ ಒಂದೇ ದಾರಿಯಲ್ಲಿ ನಡೆಯಿರಿ

ಸುಮ್ನೆ ಏರಿಯ ಮೇಲೆ ಒಂದು ಸುತ್ತು ಹೋಗಿ ಬರುವುದು ತಪಾಸಣೆ ಅಲ್ಲ. ಮೊದಲು ಹಿಂಬದಿಯ ಬುಡದಲ್ಲಿ ಈ ತುದಿಯಿಂದ ಆ ತುದಿಗೆ. ಆಮೇಲೆ ಹಿಂಬದಿಯ ಇಳಿಜಾರಿನ ನಡುವೆ. ಆಮೇಲೆ ನೆತ್ತಿ. ಆಮೇಲೆ ನೀರಿನ ಬದಿ. ಕೊನೆಗೆ ಕೋಡಿ (ಕಟ್ಟೆ ತುಂಬಿದಾಗ ಹೆಚ್ಚಿನ ನೀರು ಹೊರಹೋಗುವ ದಾರಿ) ಮತ್ತು ತೂಬು (ಬೇಕಾದಾಗ ತೆರೆದು ನೀರು ಬಿಡುವ ಬಾಯಿ). ಪ್ರತಿ ಸಲ ಇದೇ ಕ್ರಮ ಇದ್ದರೆ ಹೋದ ಸಲ ಇಲ್ಲದ್ದು ಈ ಸಲ ತಾನಾಗಿ ಕಣ್ಣಿಗೆ ಬೀಳುತ್ತದೆ.

ಮಳೆಗಾಲದಲ್ಲಿ ವಾರಕ್ಕೊಮ್ಮೆ, ಬೇರೆ ದಿನಗಳಲ್ಲಿ ತಿಂಗಳಿಗೊಮ್ಮೆ ಸಾಕು. ದೊಡ್ಡ ಮಳೆ ಆದಮೇಲೆ, ಕಟ್ಟೆ ತುಂಬಿ ಕೋಡಿ ಬಿದ್ದಾಗ, ಭೂಕಂಪದ ನಂತರ, ಅದೇ ದಿನ ಹೋಗಬೇಕು. ಹೊಸ ಕಟ್ಟೆ ಮೊದಲ ಸಲ ತುಂಬುವಾಗ ದಿನಾ ನೋಡಿ. ಎಷ್ಟೋ ಏರಿಗಳ ದೋಷ ಹೊರಬರುವುದು ಆ ಮೊದಲ ತುಂಬುವಿಕೆಯಲ್ಲೇ.

ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಲ್ಲಿ ಹೋದರೆ ಒಳ್ಳೆಯದು. ನಡುಮಧ್ಯಾಹ್ನ ಕಾಣದ ತಗ್ಗು, ಉಬ್ಬು ಆಗ ನೆರಳಿನಿಂದ ಕಾಣುತ್ತವೆ. ಬೇಸಿಗೆಯಲ್ಲಿ ಸುತ್ತಲೂ ಹುಲ್ಲು ಒಣಗಿರುವಾಗ ಹಿಂಬದಿಯಲ್ಲಿ ಒಂದು ಕಡೆ ಮಾತ್ರ ಹಚ್ಚಹಸಿರಾಗಿದ್ದರೆ, ಕೆಳಗೆ ನೀರು ಬರುತ್ತಿದೆ ಎಂದರ್ಥ. ಆಪು, ಜೊಂಡಿನಂಥ ನೀರು ಜಾಗದ ಹುಲ್ಲು ಹುಟ್ಟಿದ್ದರಂತೂ ಅನುಮಾನವೇ ಬೇಡ. ಕಾಲಿಟ್ಟು ನೋಡಿ. ಮೆತ್ತಗೆ ಹೂತರೆ ಅಲ್ಲಿ ಗೂಟ ನೆಟ್ಟು, ಫೋಟೊ ತೆಗೆದು, ತಾರೀಖು ಮತ್ತು ಆ ದಿನದ ನೀರಿನ ಮಟ್ಟ ಬರೆದಿಡಿ.

## ಹಂತ 3: ಸೋರಿಕೆಯನ್ನು ಅಳೆಯಿರಿ, ಆಮೇಲೆ ಹೆದರಿ

ಮಣ್ಣಿನ ಏರಿ ಸ್ವಲ್ಪವಾದರೂ ಬಸಿಯುತ್ತದೆ. ಬಸಿಯುವುದೇ ಅಪಾಯ ಅಂತಲ್ಲ. ಮೂರು ಪ್ರಶ್ನೆ ಕೇಳಿ: ನೀರು ತಿಳಿಯಾಗಿದೆಯಾ? ಪ್ರಮಾಣ ಜಾಸ್ತಿ ಆಗುತ್ತಿದೆಯಾ? ಜಾಗ ಬದಲಾಗುತ್ತಿದೆಯಾ?

ಬಣ್ಣ ನೋಡುವುದಕ್ಕೆ ಗಾಜಿನ ಬಾಟಲಿ. ಹರಿಯುವ ನೀರನ್ನು ನೆಲ ಕೆದಕದೆ ಹಿಡಿದು, ಒಂದು ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ಮಣ್ಣು ಕೂತಿದ್ದರೆ ಆ ಮಣ್ಣು ನಿಮ್ಮ ಏರಿಯದ್ದು. ಒಳಗೆ ಎಲ್ಲೋ ಒಂದು ಕಳ್ಳ ಕೊಳವೆ ಹುಟ್ಟಿ, ಹಿಂಬದಿಯಿಂದ ನೀರಿನ ಕಡೆಗೆ ಬೆಳೆಯುತ್ತಿದೆ. ಇದು ನಾಳೆಗೆ ಬಿಡುವ ವಿಷಯ ಅಲ್ಲ. ಅಮೆರಿಕದ ಟೀಟನ್ ಅಣೆಕಟ್ಟಿನಲ್ಲಿ 1976ರ ಜೂನ್ 5ರ ಬೆಳಗ್ಗೆ ಕೆಸರು ನೀರು ಹೊರಬರುವುದು ಕಂಡಿತು. ಅದೇ ದಿನ ಮಧ್ಯಾಹ್ನ 12 ಹೊಡೆಯುವ ಮೊದಲೇ ಏರಿ ಒಡೆದು ಹೋಯಿತು. ಅದು ನಿಮ್ಮದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಏರಿ. ಹಾಗಾಗಿ ಬಾಟಲಿಯಲ್ಲಿ ಮಣ್ಣು ಕಂಡರೆ ನೇರ ಹಂತ 8ಕ್ಕೆ ಹೋಗಿ.

ಪ್ರಮಾಣ ತಿಳಿಯಲು ಒಸರುವ ನೀರನ್ನು ಸಣ್ಣ ಕಾಲುವೆಯಲ್ಲಿ ಒಂದೆಡೆ ಸೇರಿಸಿ, ತುದಿಯಲ್ಲಿ ಪೈಪು ಇಟ್ಟು ಬಕೆಟ್ ಹಿಡಿಯಿರಿ. ಕಾಲುವೆ ತೋಡುವಾಗ ಏರಿಯ ಬುಡ ಕೊರೆಯಬೇಡಿ, ಸ್ವಲ್ಪ ದೂರದಿಂದ ಶುರು ಮಾಡಿ. 10 ಲೀಟರ್ ಬಕೆಟ್ 40 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 15 ಲೀಟರ್. ಬಕೆಟ್ಟಿಗೆ ನಿಲ್ಲದಷ್ಟು ಹರಿವು ಇದ್ದರೆ ಒಂದು ತಗಡಿನಲ್ಲಿ 90 ಡಿಗ್ರಿಯ 'ವಿ' ಆಕಾರದ ಕಚ್ಚು ಕತ್ತರಿಸಿ ಕಾಲುವೆಗೆ ಅಡ್ಡ ನಿಲ್ಲಿಸಿ. ಕಚ್ಚಿನ ಕೆಳತುದಿಗಿಂತ ನೀರು 5 ಸೆಂಟಿಮೀಟರ್ ಮೇಲಿದ್ದರೆ ಸೆಕೆಂಡಿಗೆ ಸುಮಾರು ಮುಕ್ಕಾಲು ಲೀಟರ್. 10 ಸೆಂಟಿಮೀಟರ್ ಇದ್ದರೆ ಸುಮಾರು 4.4 ಲೀಟರ್. ಎತ್ತರ ಎರಡು ಪಟ್ಟಾದರೆ ಹರಿವು ಐದೂವರೆ ಪಟ್ಟಿಗಿಂತ ಜಾಸ್ತಿ ಎಂಬುದನ್ನು ಗಮನಿಸಿ. ತಗಡಿನ ಹತ್ತಿರ ನೀರು ಬಾಗುತ್ತದೆ, ಹಾಗಾಗಿ ಎತ್ತರವನ್ನು ಒಂದೆರಡು ಅಡಿ ಹಿಂದೆ ಅಳೆಯಬೇಕು.

ಇಲ್ಲಿ ಆಗುವ ತಪ್ಪು: ಕಟ್ಟೆ ತುಂಬಿದಾಗಿನ ಅಳತೆಯನ್ನು ಅರ್ಧ ಇದ್ದಾಗಿನ ಅಳತೆಗೆ ಹೋಲಿಸುವುದು. ನೀರು ಮೇಲಿದ್ದರೆ ಸೋರಿಕೆ ಹೆಚ್ಚುವುದು ಸಹಜ. ಅದೇ ಮಟ್ಟದಲ್ಲಿ ಹೋದ ಸಲ ಎಷ್ಟಿತ್ತು, ಈಗ ಎಷ್ಟಿದೆ ಎಂದು ನೋಡಿ. ಮಳೆ ನಿಂತು ಒಂದೆರಡು ದಿನ ಬಿಟ್ಟು ಅಳೆಯಿರಿ. ಇಲ್ಲದಿದ್ದರೆ ಮಳೆ ನೀರನ್ನೇ ಸೋರಿಕೆ ಎಂದುಕೊಳ್ಳುತ್ತೀರಿ. ಇದ್ದಕ್ಕಿದ್ದಂತೆ ಸೋರಿಕೆ ನಿಂತುಹೋದರೂ ಖುಷಿಪಡುವ ಹಾಗಿಲ್ಲ. ಹಳೆಯ ದಾರಿ ಕಟ್ಟಿಕೊಂಡು ಹೊಸದು ಹುಡುಕುತ್ತಿರಬಹುದು.

ನೀರು ತಿಳಿಯಾಗಿದ್ದು ಪ್ರಮಾಣವೂ ಸ್ಥಿರವಾಗಿದ್ದರೆ, ಒದ್ದೆ ಜಾಗಕ್ಕೆ ಸೋಸು ಹಾಸು ಹಾಕಿ. ಮೊದಲು ದಪ್ಪ ಮರಳು ಒಂದು ಅಡಿ, ಅದರ ಮೇಲೆ ಸಣ್ಣ ಜಲ್ಲಿ ಒಂದು ಅಡಿ, ಕೊನೆಗೆ ಕಲ್ಲು. ಒದ್ದೆಗಿಂತ ಸುತ್ತಲೂ ಮೂರು ಅಡಿ ಜಾಸ್ತಿ ಹರಡಿ. ಮರಳು ಬಿಟ್ಟು ನೇರ ಕಲ್ಲು ಪೇರಿಸಿದರೆ ಕಲ್ಲಿನ ಸಂದಿಯಿಂದ ಮಣ್ಣು ಹೊರಟುಹೋಗುತ್ತದೆ, ನಿಮಗೆ ಕಾಣುವುದೂ ಇಲ್ಲ. ಜೇಡಿಮಣ್ಣು ಇಲ್ಲಿಗೆ ಬೇಡವೇ ಬೇಡ.

## ಹಂತ 4: ಕೋಡಿ ಮತ್ತು ನೆತ್ತಿಯ ಮಟ್ಟ

ಮಣ್ಣಿನ ಏರಿಯ ಮೇಲೆ ನೀರು ಹತ್ತಿ ಹಿಂಬದಿಗೆ ಇಳಿಯಿತು ಎಂದರೆ ಬಹುಪಾಲು ಕಥೆ ಮುಗಿದ ಹಾಗೆ. ಅದನ್ನು ತಡೆಯುವುದು ಕೋಡಿ ಒಂದೇ. ಆದರೂ ಜನ ಅದರ ಮೇಲೇ ಕೈ ಆಡಿಸುತ್ತಾರೆ. ಇನ್ನೊಂದಿಷ್ಟು ನೀರು ನಿಲ್ಲಲಿ ಎಂದು ಕೋಡಿಗೆ ಮರಳಿನ ಚೀಲ ಇಡುತ್ತಾರೆ, ಹಲಗೆ ಹಾಕುತ್ತಾರೆ, ಮೀನು ಹೋಗದಿರಲೆಂದು ಬಲೆ ಕಟ್ಟುತ್ತಾರೆ.

ಲೆಕ್ಕ ನೋಡಿ. ಕೋಡಿಯ ತಳದಿಂದ ಏರಿಯ ನೆತ್ತಿಗೆ 3 ಅಡಿ ಇದೆ ಅಂದುಕೊಳ್ಳಿ. ಒಂದು ಅಡಿ ಚೀಲ ಇಟ್ಟರೆ ಉಳಿದದ್ದು 2 ಅಡಿ. ಮೂರರಲ್ಲಿ ಒಂದು ಪಾಲು ಹೋಯಿತು ಅನ್ನಿಸುತ್ತದೆ. ಆದರೆ ಕೋಡಿಯ ಮೇಲೆ ನೀರಿನ ಆಳ ಕಡಿಮೆಯಾದರೆ ವೇಗವೂ ಕಡಿಮೆ. ಹಾಗಾಗಿ ಹರಿಯಬಲ್ಲ ನೀರು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಬಲೆಗೆ ಕಸ ಕಟ್ಟಿಕೊಂಡರೆ ಇನ್ನೂ ಕಷ್ಟ. ಮಳೆ ಬಂದಾಗ ತೆಗೆದರಾಯಿತು ಎನ್ನುವುದು ಹಗಲಿನ ಮಾತು. ದೊಡ್ಡ ಮಳೆ ರಾತ್ರಿಯೂ ಬರುತ್ತದೆ, ಆ ರಾಶಿ ನೀರಿಗೆ ಕೈ ಹಾಕಿ ಚೀಲ ಎಳೆಯಲು ಹೋದವರು ಕೊಚ್ಚಿಹೋಗಬಹುದು.

ನೆತ್ತಿ ತಗ್ಗಿದ್ದರೂ ಇದೇ ನಷ್ಟ. ಕಣ್ಣಿಗೆ ಸಮ ಕಂಡ ಏರಿ ನಡುವೆ ಅರ್ಧ ಅಡಿ ಕುಸಿದಿರುತ್ತದೆ, ಟ್ರಾಕ್ಟರ್ ದಾಟುವ ಜಾಗದಲ್ಲಿ ಇನ್ನೂ ಜಾಸ್ತಿ. ಮಟ್ಟದ ಪೈಪಿಗೆ ನೀರು ತುಂಬಿ, ಗುಳ್ಳೆ ಒಂದೂ ಉಳಿಯದ ಹಾಗೆ ಬಡಿದು ತೆಗೆಯಿರಿ. ಒಂದು ಗುಳ್ಳೆ ಉಳಿದರೂ ಅಳತೆ ಸುಳ್ಳಾಗುತ್ತದೆ. ಒಬ್ಬರು ಕೋಡಿಯ ತಳದಲ್ಲಿ ನೆಟ್ಟ ಗೂಟದ ಹತ್ತಿರ ನಿಲ್ಲಲಿ, ಇನ್ನೊಬ್ಬರು ನೆತ್ತಿಯ ಮೇಲೆ ಪೈಪು ಮುಟ್ಟುವಷ್ಟು ಹೋಗಿ, ಅಲ್ಲಿಂದ ಮುಂದಕ್ಕೆ ಮಟ್ಟ ದಾಟಿಸುತ್ತಾ 20 ಅಡಿಗೊಮ್ಮೆ ಅಳತೆ ಬರೆಯಲಿ. ದೊಡ್ಡ ಮಳೆಯಲ್ಲಿ ಕೋಡಿ ತುಂಬಿ ಹರಿಯುವಾಗಲೂ ನೀರಿನಿಂದ ನೆತ್ತಿಯ ಅತಿ ತಗ್ಗಿನ ಜಾಗಕ್ಕೆ 2ರಿಂದ 3 ಅಡಿ ಉಳಿಯಬೇಕು. ತಗ್ಗು ಇದ್ದಲ್ಲಿ ಹುಲ್ಲು ಕೆತ್ತಿ, ಹಳೆಯ ಮಣ್ಣನ್ನು ಗೀರಿ ಒದ್ದೆ ಮಾಡಿ, ಪದರ ಪದರವಾಗಿ ಏರಿಸಿ. ನೆತ್ತಿ ನೀರಿನ ಬದಿಗೆ ಸ್ವಲ್ಪ ವಾಲಿರಲಿ. ಆಗ ಮಳೆ ನೀರು ಹಿಂಬದಿಯನ್ನು ಕೊರೆಯುವುದಿಲ್ಲ.

ಕೋಡಿಯಿಂದ ಇಳಿದ ನೀರು ಏರಿಯ ಬುಡಕ್ಕೆ ಬಡಿಯುತ್ತಿದೆಯೇ ನೋಡಿ. ಬಡಿಯುತ್ತಿದ್ದರೆ ತಡೆಗೋಡೆ ಕಟ್ಟಿ ದೂರಕ್ಕೆ ತಿರುಗಿಸಬೇಕು. ಕೋಡಿಯ ಕೆಳತುದಿಯಲ್ಲಿ ಮೆಟ್ಟಿಲಿನಂಥ ಕೊರಕಲು ಬಿದ್ದಿದ್ದರೆ ಅದರ ಅಂಚಿಗೆ ಗೂಟ ನೆಡಿ. ಪ್ರತಿ ಪ್ರವಾಹಕ್ಕೂ ಆ ಅಂಚು ಕುಸಿಯುತ್ತಾ ಕಟ್ಟೆಯ ಕಡೆಗೆ ಹತ್ತುತ್ತದೆ. ಕೋಡಿಯ ತಲೆ ತಲುಪಿದ ದಿನ ಇಡೀ ಕಟ್ಟೆ ಆ ದಾರಿಯಲ್ಲೇ ಖಾಲಿ.

## ಹಂತ 5: ಮರ, ಬಿಲ, ಜಾನುವಾರು

ಏರಿಯ ಮೇಲೆ ಮರ ಇದ್ದರೆ ಮಣ್ಣು ಹಿಡಿದುಕೊಳ್ಳುತ್ತದೆ ಎಂಬ ನಂಬಿಕೆ ಬಿಟ್ಟುಬಿಡಿ. ಬೇರು ಸತ್ತು ಕೊಳೆತರೆ ಅದೇ ಜಾಗ ಟೊಳ್ಳು ಕೊಳವೆ. ಗಾಳಿಗೆ ಮರ ಉರುಳಿದರೆ ಬೇರಿನ ಜೊತೆ ಏರಿಯ ಒಂದು ಹೋಳೇ ಎದ್ದು ಬರುತ್ತದೆ. ಸಸಿ ಇದ್ದಾಗಲೇ ಕೀಳಿ. ಕಾಂಡ 4 ಇಂಚಿಗಿಂತ ಸಣ್ಣದಿದ್ದರೆ ನೆಲಮಟ್ಟಕ್ಕೆ ಕತ್ತರಿಸಿ, ಮತ್ತೆ ಚಿಗುರದ ಹಾಗೆ ನೋಡಿಕೊಳ್ಳಿ. ದೊಡ್ಡ ಮರವನ್ನು ಕಟ್ಟೆ ತುಂಬಿರುವಾಗ ಬುಡಸಮೇತ ಕಿತ್ತರೆ ನೀವೇ ಗಂಡಿ ತೋಡಿಕೊಟ್ಟ ಹಾಗೆ. ನೀರು ಇಳಿಸಿ, ಎಂಜಿನಿಯರ್ ಹೇಳಿದ ಹಾಗೆ ಬೇರು ತೆಗೆದು, ಗುಂಡಿಯನ್ನು ಪದರ ಪದರವಾಗಿ ತುಂಬಬೇಕು.

ಹೆಗ್ಗಣ, ಏಡಿ, ಮುಳ್ಳುಹಂದಿಯ ಬಿಲ, ಗೆದ್ದಲಿನ ಹುತ್ತ, ಯಾವುದನ್ನೂ ಬಿಡಬೇಡಿ. ಬಿಲದ ಬಾಯಿಗೆ ಕಲ್ಲು ತುರುಕಿ ಮಣ್ಣು ಮೆತ್ತಿದರೆ ಒಳಗಿನ ಸುರಂಗ ಹಾಗೇ ಇರುತ್ತದೆ. ಪ್ರಾಣಿ ಒಳಗಿಲ್ಲ ಎಂದು ಖಚಿತ ಮಾಡಿಕೊಂಡು, ಬಾಯಿಗೆ ಪೈಪು ನಿಲ್ಲಿಸಿ ಸುತ್ತ ಮಣ್ಣು ದಿಮ್ಮಿಸಿ. 9 ಪಾಲು ಮಣ್ಣು, 1 ಪಾಲು ಸಿಮೆಂಟು ಸೇರಿಸಿ ಸುರಿಯಲು ಬರುವಷ್ಟು ನೀರಾಗಿ ಕಲಸಿ, ಪೈಪಿನೊಳಗೆ ಮಟ್ಟ ನಿಲ್ಲುವವರೆಗೆ ಹುಯ್ಯಿರಿ. ಆಮೇಲೆ ಪೈಪು ತೆಗೆದು ಬಾಯಿಗೆ ಏರಿಯ ಮಣ್ಣನ್ನೇ ದಿಮ್ಮಿಸಿ ಹುಲ್ಲು ಹಾಕಿ. ಹುತ್ತವಿದ್ದರೆ ಮೇಲಿನ ದಿಬ್ಬ ಕೆಡವಿದ್ದಷ್ಟೇ ಸಾಲದು, ಕೋಣೆಗಳು ಕೆಳಗಿರುತ್ತವೆ. ಅಗೆದು ತುಂಬಬೇಕು.

ದನ ಕುರಿಗಳಿಗೆ ಏರಿಯಿಂದ ದೂರದಲ್ಲಿ ನೀರು ಕುಡಿಯುವ ಜಾಗ ಮಾಡಿ, ಏರಿಗೆ ಬೇಲಿ ಹಾಕಿ. ಅವು ದಿನಾ ಇಳಿಯುವ ಕಾಲುದಾರಿಯೇ ಮಳೆಗೆ ಕೊರಕಲಾಗುತ್ತದೆ. ನೀರಿನ ಬದಿಯಲ್ಲಿ ಅಲೆ ಬಡಿದು ಮೆಟ್ಟಿಲು ಬಿದ್ದಿದ್ದರೆ ಜಲ್ಲಿ ಹಾಸಿ ಮೇಲೆ ಕಲ್ಲು ಜೋಡಿಸಿ.

## ಹಂತ 6: ತೂಬು ಮತ್ತು ಕೊಳವೆ

ಬೇಕಾದಾಗ ತೆರೆಯದ ತೂಬು ಇದ್ದೂ ಇಲ್ಲದ ಹಾಗೆ. ವರ್ಷಕ್ಕೆ ಎರಡು ಸಲವಾದರೂ ವಾಲ್ವನ್ನು ಪೂರ್ತಿ ತೆರೆದು ಪೂರ್ತಿ ಮುಚ್ಚಿ, ಗ್ರೀಸ್ ಹಾಕಿ. ಬಿಗಿಯಾಗಿದೆ ಎಂದು ಉದ್ದ ಪೈಪು ಸಿಕ್ಕಿಸಿ ತಿರುಗಿಸಿದರೆ ಕಡ್ಡಿ ಮುರಿಯುತ್ತದೆ.

ಏರಿಯೊಳಗೆ ಹಾದುಹೋಗುವ ಕೊಳವೆಯ ಸುತ್ತ ಮಣ್ಣು ಸರಿಯಾಗಿ ಕೂರುವುದು ಕಷ್ಟ. ಹಾಗಾಗಿ ಸೋರಿಕೆಗೆ ಇದು ಇಷ್ಟದ ದಾರಿ. ಹೊರತುದಿಯಲ್ಲಿ ನೋಡುವಾಗ ನೀರು ಕೊಳವೆಯ ಒಳಗಿಂದ ಬರುತ್ತಿದೆಯೋ, ಹೊರಮೈ ಸುತ್ತ ಬರುತ್ತಿದೆಯೋ ಬೇರೆ ಬೇರೆ ಗುರುತಿಸಿ. ಹೊರಮೈ ಸುತ್ತ ಕೆಸರು ಬಂದರೆ ತುರ್ತು. ವಾಲ್ವು ನೀರಿನ ಬದಿಯಲ್ಲಿದ್ದರೆ ಒಳ್ಳೆಯದು. ಹೊರತುದಿಯಲ್ಲಿ ಮಾತ್ರ ಇದ್ದರೆ ಏರಿಯೊಳಗಿನ ಕೊಳವೆ ಸದಾ ಒತ್ತಡದಲ್ಲಿರುತ್ತದೆ, ಒಂದು ಬಿರುಕು ಬಿಟ್ಟರೆ ನೀರು ನೇರ ಮಣ್ಣಿಗೆ ನುಗ್ಗುತ್ತದೆ.

ತೂಬು ತೆರೆದಿರುವಾಗ ಅದರ ಬಾಯಿಯ ಹತ್ತಿರ ಯಾರೂ ನೀರಿಗಿಳಿಯಬಾರದು. ಸೆಳೆತಕ್ಕೆ ಸಿಕ್ಕಿದರೆ ಈಜು ಬಂದರೂ ಪ್ರಯೋಜನವಿಲ್ಲ. ಕೊಳವೆ, ತೂಬಿನ ಬಾವಿಯೊಳಗೂ ಹಾಗೇ ಇಳಿಯಬೇಡಿ, ಉಸಿರಾಡಲು ಗಾಳಿ ಇರಲಿಕ್ಕಿಲ್ಲ.

ನೀರು ಇಳಿಸುವಾಗ ತುರ್ತಿಲ್ಲದಿದ್ದರೆ ದಿನಕ್ಕೆ ಒಂದು ಅಡಿ ಸಾಕು. ಬೇಗ ಇಳಿಸಿದರೆ ನೆನೆದ ಮಣ್ಣಿನ ಭಾರಕ್ಕೆ ನೀರಿನ ಆಸರೆ ತಪ್ಪಿ, ಒಳಬದಿಯ ಇಳಿಜಾರು ಜಾರಿ ಕೂರುತ್ತದೆ.

## ಹಂತ 7: ಬಿರುಕು ಓದುವುದು, ಸರಿ ಮಾಡುವುದು

ಏರಿಗೆ ಅಡ್ಡವಾಗಿ, ಅಂದರೆ ನೀರಿನ ಬದಿಯಿಂದ ಹಿಂಬದಿಗೆ ಹೋಗುವ ಬಿರುಕು ಕೆಟ್ಟದ್ದು. ನೀರು ಆ ಮಟ್ಟಕ್ಕೆ ಏರಿದರೆ ಅದೇ ಕಾಲುವೆ. ಉದ್ದಕ್ಕೆ ಓಡುವ ಬಿರುಕು ಬಿಲ್ಲಿನಂತೆ ಬಾಗಿದ್ದು, ಒಂದು ಬದಿ ಕೆಳಗೆ ಕೂತಿದ್ದರೆ ಇಳಿಜಾರು ಜಾರಲು ಶುರುವಾಗಿದೆ. ಬುಡದಲ್ಲಿ ಉಬ್ಬು ಕಂಡರೆ ಖಾತ್ರಿ. ಜಾರುವಿಕೆಗೆ ನೀವೇ ಮದ್ದು ಮಾಡಬೇಡಿ. ಅದರ ತಲೆಯ ಮೇಲೆ ಮಣ್ಣು ಹಾಕಿದರೆ ಭಾರ ಹೆಚ್ಚಿ ಇನ್ನೂ ಜಾರುತ್ತದೆ. ನಿಧಾನ ನೀರು ಇಳಿಸಿ ಎಂಜಿನಿಯರ್ ಕರೆಸಿ. ಬೇಸಿಗೆಯಲ್ಲಿ ಜಾಲದ ಹಾಗೆ ಬೀಳುವ ಮೇಲ್ಮೈ ಬಿರುಕು ಒಣಗಿದ್ದರಿಂದ ಬಂದದ್ದು, ಆಳ ನೋಡಿಕೊಂಡರೆ ಸಾಕು.

ಬಿರುಕಿನ ಎರಡೂ ತುದಿಗೆ ಗೂಟ ನೆಟ್ಟು, ಉದ್ದ, ಅಗಲ, ಆಳ ಬರೆಯಿರಿ. ಮಳೆ ನೀರು ಇಳಿಯದ ಹಾಗೆ ಪ್ಲಾಸ್ಟಿಕ್ ಹೊದಿಸಿ. ಸಣ್ಣ ಬಿರುಕಾದರೆ ನೀರು ಅದರ ತಳಕ್ಕಿಂತ ಕೆಳಗಿಳಿದ ಮೇಲೆ, ಬಿರುಕಿನ ತಳ ದಾಟಿ ಒಂದು ಅಡಿ ಆಳ ಅಗೆದು ತುಂಬಬೇಕು. 4 ಅಡಿಗಿಂತ ಆಳ ಬೇಕಾದರೆ ಅದು ಯಂತ್ರ ಮತ್ತು ಎಂಜಿನಿಯರ್ ಕೆಲಸ. ನೆಟ್ಟಗಿನ ಗೋಡೆಯ ಗುಂಡಿಯಲ್ಲಿ ಮನುಷ್ಯ ಇಳಿಯಬಾರದು.

ತುಂಬುವ ಮಣ್ಣಿಗೆ ಎರಡು ಪರೀಕ್ಷೆ. ಅಂಗೈಯಲ್ಲಿ ಬಿಗಿಯಾಗಿ ಹಿಸುಕಿ. ಉಂಡೆ ನಿಲ್ಲಬೇಕು, ಕೈಗೆ ನೀರು ಒಸರಬಾರದು. ಉದುರಿಹೋದರೆ ಒಣ ಜಾಸ್ತಿ, ಅಂಟಿದರೆ ಒದ್ದೆ ಜಾಸ್ತಿ. ಎರಡನೆಯದಕ್ಕೆ ಬಟಾಣಿ ಗಾತ್ರದ ಹೆಂಟೆಯನ್ನು ಗಾಜಿನ ಲೋಟದ ಮಳೆ ನೀರಿಗೆ ಮೆಲ್ಲಗೆ ಬಿಟ್ಟು, ಅಲುಗಾಡಿಸದೆ ಕಾಯಿರಿ. ಪುಡಿಯಾಗಿ ಕೂತರೂ ಸುತ್ತಲ ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಹತ್ತು ನಿಮಿಷದಿಂದ ಒಂದು ಗಂಟೆಯೊಳಗೆ ಸುತ್ತ ಹಾಲಿನಂಥ ಮಬ್ಬು ಎದ್ದರೆ ಆ ಜೇಡಿ ನೀರಿಗೆ ತಾನಾಗಿ ಕರಗುವ ಜಾತಿ. ನೋಡಲು ಎಷ್ಟೇ ಚೆನ್ನಾಗಿದ್ದರೂ ಏರಿಗೆ ಬೇಡ.

ಸಡಿಲ ಮಣ್ಣು 6 ಇಂಚಿಗಿಂತ ದಪ್ಪ ಹಾಕದೆ, ಪ್ರತಿ ಪದರ ದಿಮ್ಮಿಸಿ, ಮೇಲ್ಮೈ ಗೀರಿ ಮುಂದಿನ ಪದರ ಹಾಕಿ. ಎರಡು ಅಡಿ ಒಟ್ಟಿಗೆ ಸುರಿದು ಟ್ರಾಕ್ಟರ್ ಓಡಿಸಿದರೆ ಮೇಲಿನ ಅರ್ಧ ಅಡಿ ಗಟ್ಟಿ, ಕೆಳಗೆಲ್ಲ ಸಡಿಲ.

## ಹಂತ 8: ತುರ್ತು ಬಂದಾಗ

ಕೆಸರು ಸೋರಿಕೆ, ಏರಿಯಲ್ಲಿ ಹಠಾತ್ ಗುಂಡಿ, ನೀರಿನ ಬದಿಯಲ್ಲಿ ಸುಳಿ, ನೆತ್ತಿಯ ಹತ್ತಿರ ಬಂದ ನೀರು. ಇದರಲ್ಲಿ ಒಂದು ಕಂಡರೂ ಮೊದಲ ಕೆಲಸ ಫೋನು. ಕೆಳಗಿನ ಹೊಲ, ಮನೆಗಳವರಿಗೆ ಮತ್ತು ಸ್ಥಳೀಯ ಆಡಳಿತಕ್ಕೆ ಹೇಳಿ, ಹರಿವಿನ ದಾರಿಯಿಂದ ಜನರನ್ನು ಎಬ್ಬಿಸಿ. ನಂಬರುಗಳ ಪಟ್ಟಿ ಈಗಲೇ ಬರೆದು ಮನೆಯವರೆಲ್ಲರ ಹತ್ತಿರ ಇರಲಿ. ಸುಳ್ಳು ಎಚ್ಚರಿಕೆ ಆದರೆ ಏನಂದುಕೊಳ್ಳುತ್ತಾರೋ ಎಂದು ಅರ್ಧ ಗಂಟೆ ಕಾದವರಿಗೆ ಆ ಅರ್ಧ ಗಂಟೆ ವಾಪಸ್ ಸಿಗುವುದಿಲ್ಲ.

ಆಮೇಲೆ ತೂಬು ಪೂರ್ತಿ ತೆರೆಯಿರಿ, ಪಂಪು, ಸೈಫನ್ (ಏರಿಯ ಮೇಲಿಂದ ನೀರನ್ನು ತಾನಾಗಿ ಎಳೆದು ಹೊರಬಿಡುವ ಪೈಪು) ಇದ್ದರೆ ಹಚ್ಚಿ. ಇಲ್ಲಿ ದಿನಕ್ಕೆ ಒಂದು ಅಡಿಯ ಲೆಕ್ಕ ಇಲ್ಲ. ನೀರು ಬೇಗ ಹೊರಹೋಗಲೆಂದು ಏರಿಯನ್ನೇ ಕಡಿಯಬೇಡಿ, ಕಡಿದ ಬಾಯಿ ನಿಮ್ಮ ಕೈಮೀರಿ ಅಗಲವಾಗುತ್ತದೆ.

ಬುಡದ ಹತ್ತಿರ ನೆಲದಿಂದ ಬುಗ್ಗೆ ಎದ್ದು ಸುತ್ತ ಮರಳು ಗುಡ್ಡೆಯಾಗುತ್ತಿದ್ದರೆ, ಅದನ್ನು ಮುಚ್ಚದೆ ಸುತ್ತಲೂ ಚೀಲಗಳ ಉಂಗುರ ಕಟ್ಟಿ. ಒಳಗೆ ನೀರು ನಿಂತು ಮಟ್ಟ ಏರಿದ ಹಾಗೆ ಒತ್ತಡ ತಗ್ಗುತ್ತದೆ. ನೀರು ತಿಳಿಯಾದ ತಕ್ಷಣ ಎತ್ತರಿಸುವುದು ನಿಲ್ಲಿಸಿ, ಒಂದು ಕಡೆಯಿಂದ ಹೊರಹೋಗಲು ಬಿಡಿ. ಇಳಿಜಾರಿನಿಂದ ಕೆಸರು ಬರುತ್ತಿದ್ದರೆ ಮರಳು, ಜಲ್ಲಿ, ಕಲ್ಲು, ಇದೇ ಕ್ರಮದಲ್ಲಿ. ಮರಳು ನಿಲ್ಲದೆ ಕೊಚ್ಚಿಹೋಗುವಷ್ಟು ರಭಸವಿದ್ದರೆ ಮೊದಲು ಕಲ್ಲು ಹಾಕಿ ರಭಸ ಮುರಿದು, ಮೇಲೆ ಜಲ್ಲಿ ಮತ್ತು ಮರಳು ಸುರಿದು ಹರಿವು ತಗ್ಗಿದ ಮೇಲೆ ಮತ್ತೆ ಜಲ್ಲಿ, ಕಲ್ಲಿನ ಭಾರ ಹೇರಬೇಕು. ನೀರಿನ ಬದಿಯಲ್ಲಿ ಸುಳಿ ಕಂಡರೆ ದಡದಿಂದಲೇ ಕಲ್ಲು, ಹುಲ್ಲಿನ ಕಟ್ಟು, ಮಣ್ಣು, ಸಿಕ್ಕಿದ್ದನ್ನೆಲ್ಲ ಅದಕ್ಕೆ ಸುರಿಯಿರಿ.

ಕೆಲಸ ಮಾಡುವವರ ಜೊತೆ ಒಬ್ಬರು ಬರೀ ನೋಡುವುದಕ್ಕೆ ಇರಲಿ. ಹರಿವು ಕಣ್ಣೆದುರೇ ಹೆಚ್ಚುತ್ತಿದ್ದರೆ, ನೆತ್ತಿ ಕುಸಿದರೆ, ಯಂತ್ರ, ಸಾಮಾನು ಎಲ್ಲ ಬಿಟ್ಟು ಎರಡು ಪಕ್ಕಗಳಲ್ಲಿ ಹತ್ತಿರದ್ದರ ಗಟ್ಟಿ ನೆಲಕ್ಕೆ ಓಡಿ. ಕುಸಿಯುತ್ತಿರುವ ಜಾಗ ದಾಟಿ ಏರಿಯ ಮೇಲೆ ಓಡುವುದಾಗಲಿ, ಕೆಳಗಿನ ಹಳ್ಳಕ್ಕೆ ಇಳಿಯುವುದಾಗಲಿ ಬೇಡ.

ನೀರು ಇಳಿದು ಸೋರಿಕೆ ನಿಂತ ಮೇಲೆ, ಕಾರಣ ಹುಡುಕಿ ನೀರಿನ ಬದಿಯಿಂದ ದುರಸ್ತಿ ಆಗುವವರೆಗೆ ತೂಬು ತೆರೆದೇ ಇರಲಿ. ಮತ್ತೆ ತುಂಬಿಸುವಾಗ ಎರಡು ಮೂರು ಅಡಿ ಏರಿಸಿ, ಕೆಲವು ದಿನ ನಿಲ್ಲಿಸಿ, ಬಾಟಲಿ ಮತ್ತು ಬಕೆಟ್ ಹಿಡಿದು ಹಂತ 3ನ್ನು ಮಾಡಿ, ನಂತರ ಮುಂದಿನ ಅಡಿ ಏರಿಸಿ.